ನೀರುಗಂಟಿಯ ಕೆಲಸ

ಊರ ಹೆಸರುಗಳು ಚರಿತ್ರೆಯ ಅತಿ ಸುಲಭವಾದ ದಾಖಲೆಗಳು. ತಾಮ್ರಶಾಸನವನ್ನು ಓದುವುದಕ್ಕೆ ಪಂಡಿತರು ಬೇಕು. ಊರ ಹೆಸರನ್ನು ಓದುವುದಕ್ಕೆ ಕನ್ನಡ ಬಲ್ಲ ಕಿವಿಯಿದ್ದರೆ ಸಾಕು. ಬೆಂಗಳೂರಿನ ಬಸವನಗುಡಿಯಿಂದ ಕನಕಪುರದ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ, ಸಾರಕ್ಕಿ ಯಲಚೇನಹಳ್ಳಿಗಳನ್ನು ದಾಟಿದ ಮೇಲೆ ಕೋಣನಕುಂಟೆಯೂ ಅದರಾಚೆಗೆ ದೊಡ್ಡಕಲ್ಲಸಂದ್ರವೂ ಸಿಕ್ಕುತ್ತವೆ. ಪೂರ್ವದ ಕಡೆಗೆ ತಿರುಗಿದರೆ ಅರಕೆರೆ, ತಾವರೆಕೆರೆ, ಸುದ್ದಗುಂಟೆಪಾಳ್ಯಗಳುಂಟು. ಕುಂಟೆಯೆಂದರೆ ಹೊಲಗಳ ಮಳೆನೀರು ಬಂದು ನಿಲ್ಲುವ, ದನಕರುಗಳು ನೀರು ಕುಡಿಯುವ ಚಿಕ್ಕ ಜಲಾಶಯ. ಕಟ್ಟೆ ಅದಕ್ಕಿಂತ ದೊಡ್ಡದು. ಕೆರೆ ಮತ್ತೂ ದೊಡ್ಡದು. ಕೆರೆಗಳಲ್ಲಿ ಹಿರಿದಾದುದನ್ನು ನಮ್ಮ ಹಿಂದಿನವರು ಅಭಿಮಾನದಿಂದ ಸಮುದ್ರವೆಂದು ಕರೆದರು. ಆ ಸಮುದ್ರವೇ ಜನರ ಬಾಯಲ್ಲಿ ಸವೆದು ಸಂದ್ರವಾಯಿತು. ಈ ಸೀಮೆಯ ಜನರಿಗೆ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ನಿಲ್ಲುತ್ತದೆ ಎಂಬುದು ಮನೆಯ ಮಾತಾಗಿತ್ತು ಎನ್ನುವುದಕ್ಕೆ ಈ ಹೆಸರುಗಳಿಗಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಕೋಣನಕುಂಟೆಯ ಅಡ್ಡರಸ್ತೆಯ ಹೆಸರನ್ನು ಹೊತ್ತ ಮೆಟ್ರೋ ನಿಲ್ದಾಣವೊಂದು ೨೦೨೧ರ ಜನವರಿಯಲ್ಲಿ ತೆರೆಯಿತು. ಅಲ್ಲಿ ದಿನವೂ ಹತ್ತಿ ಇಳಿಯುವ ಜನಸಂದಣಿಯಲ್ಲಿ ಕುಂಟೆಯೆಂಬ ಮಾತಿನ ಅರ್ಥವನ್ನು ನೆನೆಯುವವರು ವಿರಳ. ಬಿರುಮಳೆ ಬಂದ ದಿನ ಮಾತ್ರ ಆ ಮಾತಿಗೆ ಮತ್ತೆ ಅರ್ಥ ಬರುತ್ತದೆ. ಏಕೆಂದರೆ ನೀರು ತಗ್ಗನ್ನು ಮರೆಯುವುದಿಲ್ಲ. ಆ ದಿನ ಮೊದಲು ಮುಳುಗುವವರು ಯಾರು, ಅಂಥವರನ್ನು ಕಾಯುವುದಕ್ಕೆ ಹಿಂದಿನ ಕಾಲವು ಯಾವ ಏರ್ಪಾಟನ್ನು ಮಾಡಿಕೊಂಡಿತ್ತು, ಅದರಲ್ಲಿ ನಾವು ಯಾವುದನ್ನು ಕೈಬಿಟ್ಟೆವು ಎಂಬುದೇ ಈ ಭಾಷಣದ ವಿಷಯ.

ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರುಗಳಿಗೂ ಎತ್ತರದಲ್ಲಿ, ದಿಬ್ಬದ ಬೆನ್ನ ಮೇಲೆ ಕುಳಿತಿರುವ ಊರು. ಬಾರಿಕಾಲವೂ ಹರಿಯುವ ನದಿಯೊಂದೂ ಇದರ ಬಳಿಯಲ್ಲಿಲ್ಲ. ವೃಷಭಾವತಿಯ ಕಣಿವೆಯಲ್ಲಿ ಬಿದ್ದ ಮಳೆ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ, ಚಲ್ಲಘಟ್ಟಗಳ ಕಣಿವೆಯಲ್ಲಿ ಬಿದ್ದುದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಇಂಥ ಸ್ಥಳದಲ್ಲಿ ಊರು ಕಟ್ಟಬೇಕಾದರೆ ಬಿದ್ದ ನೀರನ್ನು ತಡೆದು ನಿಲ್ಲಿಸುವುದೊಂದೇ ದಾರಿ. ೧೫೩೭ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದಾಗ ಕೋಟೆಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದುದಕ್ಕೆ ಕಾರಣ ಇದೇ. ಇದು ಬೆಂಗಳೂರಿಗೆ ಮಾತ್ರ ಸೇರಿದ ಪದ್ಧತಿಯೂ ಅಲ್ಲ. ೧೮೬೬ರಲ್ಲಿ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಲೆಕ್ಕ ಹಾಕಿ, ಈ ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಕೆರೆಗಳ ಏರ್ಪಾಟಿಗೆ ಒಳಪಟ್ಟಿದೆಯೆಂದು ಕಂಡುಕೊಂಡರು. ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬ ಅವರ ಅಭಿಪ್ರಾಯವು ನಮ್ಮ ರೈತರಿಗೆ ಸಂದ ದೊಡ್ಡ ಪ್ರಶಂಸೆ.

ಈ ಏರ್ಪಾಟಿನ ಮರ್ಮವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಪ್ರತಿಯೊಂದು ಕೆರೆಗೂ ಏರಿಯೊಂದು, ಗದ್ದೆಗಳಿಗೆ ನೀರು ಬಿಡುವ ತೂಬೊಂದು, ಹೆಚ್ಚಾದ ನೀರು ಹೊರಕ್ಕೆ ಹರಿದುಹೋಗುವ ಕೋಡಿಯೊಂದು ಇರುತ್ತವೆ. ಮೇಲಣ ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಣ ಕೆರೆಗೆ ಹೋಗಬೇಕು. ಅದು ತುಂಬಿದರೆ ಅದರ ಕೆಳಗಣದಕ್ಕೆ. ಕೆರೆಗಳು ಹೀಗೆ ಸರಪಣಿಯಾಗಿರುವುದರಿಂದ ಒಂದು ಕೊಂಡಿಯ ತಪ್ಪು ಮಿಕ್ಕ ಎಲ್ಲಕ್ಕೂ ತಟ್ಟುತ್ತದೆ. ಮೇಲಿನ ಏರಿ ಒಡೆದರೆ ಕೆಳಗಿನ ಊರು ಕೊಚ್ಚಿಹೋಗುತ್ತದೆ; ಕಾಲುವೆ ಮುಚ್ಚಿದರೆ ನೀರು ಮನೆಗಳಿಗೆ ನುಗ್ಗುತ್ತದೆ. ಆದುದರಿಂದಲೇ ಈ ಸರಪಣಿಯನ್ನು ನೋಡಿಕೊಳ್ಳುವ ಭಾರವನ್ನು ಊರೆಲ್ಲರ ಕೆಲಸವೆಂದು ಬಿಡದೆ ಒಬ್ಬನ ತಲೆಗೆ ಕಟ್ಟಿದ್ದರು. ಅವನೇ ನೀರುಗಂಟಿ. ಗ್ರಾಮದ ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ತೂಬನ್ನು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಹಂಚುವುದು, ಏರಿಯಲ್ಲಿ ಬಿಲವೋ ಬಿರುಕೋ ಕಂಡರೆ ಗೌಡನಿಗೆ ತಿಳಿಸುವುದು ಅವನ ಕರ್ತವ್ಯ. ಸುಗ್ಗಿಯ ಕಾಲದಲ್ಲಿ ಕಣದಿಂದ ಬರುವ ಧಾನ್ಯ ಅವನ ಸಂಬಳ. ಕೆರೆಯನ್ನು ಕಟ್ಟಿಸಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ಹೂಳು ತೆಗೆಯುವುದಕ್ಕಾಗಿ ಕೆರೆಬಂಡಿಗಳನ್ನು ದಾನ ಮಾಡಿದ ಸಂಗತಿ ಶಾಸನಗಳಲ್ಲಿ ಬರುತ್ತದೆ. ಅಂದರೆ ಕಷ್ಟ ಬಂದ ಮೇಲೆ ಮಾಡುವ ಉಪಕಾರಕ್ಕಿಂತ ಕಷ್ಟ ಬಾರದಂತೆ ಮಾಡುವ ದುಡಿಮೆಗೆ ಆ ಸಮಾಜದಲ್ಲಿ ಒಂದು ಹೆಸರೂ ಒಂದು ಆದಾಯವೂ ಇದ್ದುವು.

ಇದನ್ನು ಕೇಳಿ ಹಿಂದಿನದೆಲ್ಲ ಸತ್ಯಯುಗವಾಗಿತ್ತೆಂದು ಯಾರೂ ಭಾವಿಸಬಾರದು. ನೀರುಗಂಟಿಯೂ ತೋಟಿಯೂ ಬಹುಮಟ್ಟಿಗೆ ಊರ ಹೊರಗಿನ ಕೇರಿಯವರು. ಎಲ್ಲರ ಗದ್ದೆಗೂ ನೀರು ಬಿಡುವವನಿಗೆ ಎಷ್ಟೋ ಕಡೆ ಊರ ಬಾವಿಯ ನೀರು ಸೇದುವ ಅಧಿಕಾರವಿರಲಿಲ್ಲ. ನಮ್ಮ ಜನಪದರು ಈ ಅನ್ಯಾಯವನ್ನು ಅರಿಯದವರಲ್ಲ. ‘ಕೆರೆಗೆ ಹಾರ’ವೆಂಬ ಪ್ರಸಿದ್ಧ ಲಾವಣಿಯಲ್ಲಿ ನೀರು ಬಾರದ ಕೆರೆಗೆ ಬಲಿಯಾಗುವವಳು ಮನೆಯ ಯಜಮಾನನಲ್ಲ, ಹಿರಿಯ ಸೊಸೆಯೂ ಅಲ್ಲ, ಎಲ್ಲರಿಗಿಂತ ಕಿರಿಯ ಸೊಸೆ ಭಾಗೀರಥಿ. ಊರಿನ ಕ್ಷೇಮಕ್ಕೆ ಬೆಲೆ ತೆರಬೇಕಾಗಿ ಬಂದಾಗ ಆ ಬೆಲೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಆ ಹಾಡು ಕಟ್ಟಿದವರು ಬಲ್ಲವರಾಗಿದ್ದರು.

ಆ ಬೆಲೆಯನ್ನು ಇಡಿಯ ಸಂಸ್ಥಾನವೇ ತೆತ್ತುದು ೧೮೭೬ರಿಂದ ೧೮೭೮ರ ವರೆಗಿನ ಮಹಾ ಕ್ಷಾಮದಲ್ಲಿ. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಮಂದಿಯಿದ್ದ ಮೈಸೂರು ಸೀಮೆಯಲ್ಲಿ ೧೮೮೧ರಲ್ಲಿ ಉಳಿದವರು ೪೧,೮೬,೧೮೮. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಅಧಿಕವಾಗಿ ಇಳಿದಿತ್ತು. ಹಳ್ಳಿಗಳಲ್ಲಿ ಕಾಳು ಮುಗಿದ ಮೇಲೆ ಜನರು ಬೆಂಗಳೂರಿನ ದಾರಿ ಹಿಡಿದರು. ದಾರಿಯಲ್ಲಿಯೇ ಸತ್ತವರು ಅಸಂಖ್ಯ. ಮಳೆ ಹೋದುದು ಒಂದು ಕಾರಣ. ಸಹಾಯವು ತಡವಾಗಿ, ಕ್ರಮವಿಲ್ಲದೆ ಬಂದುದು ಇನ್ನೊಂದು ಕಾರಣ. ೧೮೭೭ರಲ್ಲಿ ಮೈಸೂರಿಗೆ ಕ್ಷಾಮದ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ಟರು ಇದನ್ನು ಕಣ್ಣಾರೆ ಕಂಡರು. ತರುವಾಯ ಅವರೇ ಭಾರತ ಕ್ಷಾಮ ಸಮಿತಿಗೆ ಕಾರ್ಯದರ್ಶಿಗಳಾದರು. ಆ ಸಮಿತಿಯ ಕೆಲಸದ ಫಲವಾಗಿ ೧೮೮೩ರಲ್ಲಿ ಕ್ಷಾಮ ಸಂಹಿತೆ ಹೊರಟಿತು.

ಆ ಸಂಹಿತೆಯಲ್ಲಿ ಕರುಣೆಯ ಮಾತು ಕಡಮೆ, ಲೆಕ್ಕದ ಮಾತು ಹೆಚ್ಚು. ಆದರೆ ಅದರ ಮೂಲತತ್ತ್ವವೊಂದು ಇಂದಿಗೂ ಹಳೆಯದಾಗಿಲ್ಲ. ಕ್ಷಾಮ ಬರುವುದಕ್ಕೆ ಮುಂಚೆಯೇ ಸೀಮೆಯನ್ನು ವಲಯಗಳಾಗಿ ವಿಂಗಡಿಸಿರಬೇಕು. ಯಾವ ವಲಯಕ್ಕೆ ಯಾವ ಅಧಿಕಾರಿಯೆಂಬುದು ಗೊತ್ತಾಗಿರಬೇಕು. ಕೂಲಿಗೆ ಯಾವ ಕಾಮಗಾರಿಯೆಂಬುದು ಸಿದ್ಧವಾಗಿರಬೇಕು. ಕೂಲಿ ಮಾಡಲಾರದ ಮುದುಕರು, ಕುರುಡರು, ರೋಗಿಗಳು, ಎಳೆಯ ಮಕ್ಕಳ ತಾಯಂದಿರು ಯಾವ ಹಳ್ಳಿಯಲ್ಲಿ ಯಾರು ಯಾರೆಂಬ ಪಟ್ಟಿ ತಯಾರಾಗಬೇಕು. ದುರ್ಬಲನು ಸಹಾಯವನ್ನು ಹುಡುಕಿಕೊಂಡು ನಡೆಯಲಾರ, ಸಹಾಯವೇ ಅವನ ಮನೆಯನ್ನು ಹುಡುಕಿಕೊಂಡು ಹೋಗಬೇಕೆಂಬ ಈ ಪಾಠವನ್ನು ಸರ್ಕಾರವು ಲಕ್ಷಾಂತರ ಪ್ರಾಣಗಳ ವೆಚ್ಚದಲ್ಲಿ ಕಲಿಯಿತು. ನೀರುಗಂಟಿಯ ಪದ್ಧತಿಯೂ ಕ್ಷಾಮ ಸಂಹಿತೆಯೂ ಬೇರೆ ಬೇರೆ ಮೂಲದವು. ಆದರೂ ಎರಡರ ಸಾರ ಒಂದೇ. ಆಪತ್ತಿಗೆ ಮುಂಚೆ ಹೆಸರು ಬರೆದಿರಬೇಕು. ಆ ಹೆಸರಿಗೆ ಹೊಣೆಯಾದ ಒಬ್ಬ ಮನುಷ್ಯ ಇರಬೇಕು.

ಹಳ್ಳಿಗಳಲ್ಲಿ ೧೯೧೧ರ ಕೆರೆ ಪಂಚಾಯಿತಿಯ ಕಾನೂನು ಈ ಹೊಣೆಯನ್ನು ಉಳಿಸಲು ಒಂದಿಷ್ಟು ಯತ್ನಿಸಿತು. ನಗರದಲ್ಲಾದರೋ ಚರಿತ್ರೆ ಬೇರೊಂದು ದಾರಿ ಹಿಡಿಯಿತು. ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬೆಂಗಳೂರಿಗೆ ಬಂದಿತು. ಅದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ನೀರು ಮನೆಯ ನಲ್ಲಿಯಲ್ಲಿ ಬಂದ ಮೇಲೆ ಧರ್ಮಾಂಬುಧಿಯ ಏರಿಯ ಮೇಲೆ ಯಾರಿಗೆ ಕಣ್ಣು? ೧೯೨೦ರ ದಶಕದ ಅನಾವೃಷ್ಟಿಯಲ್ಲಿ ಹೆಸರಘಟ್ಟ ಬತ್ತಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂದಿತು. ೧೯೭೪ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದರು. ಪ್ರತಿ ಸಲವೂ ನೀರಿನ ಮೂಲ ಮನೆಯಿಂದ ಇನ್ನಷ್ಟು ದೂರ ಸರಿಯಿತು. ಅದರೊಡನೆ ನೀರಿನ ತಿಳಿವಳಿಕೆಯೂ ದೂರ ಸರಿಯಿತು. ಧರ್ಮಾಂಬುಧಿಯ ಅಂಗಳ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಸಿದ್ದಿಕಟ್ಟೆ ಮಾರುಕಟ್ಟೆಯಾಯಿತು. ಇವುಗಳಲ್ಲಿ ಒಂದೊಂದೂ ಊರಿಗೆ ಉಪಯುಕ್ತವೇ. ಆದರೆ ಕೆರೆಯನ್ನು ತೆಗೆದುಹಾಕಬಹುದಲ್ಲದೆ ಅಲ್ಲಿಗೆ ಇಳಿದು ಬರುವ ಮಳೆಯನ್ನು ತೆಗೆದುಹಾಕಲಾಗದು.

ದಕ್ಷಿಣದ ಹಳ್ಳಿಗಳಿಗೆ ಈ ಗತಿ ಬಂದುದು ತಡವಾಗಿ, ಆದರೆ ಅತಿವೇಗವಾಗಿ. ಜಯನಗರ ಮೊದಲು, ಬನಶಂಕರಿ, ಜಯಪ್ರಕಾಶನಗರಗಳು ಆಮೇಲೆ, ಹೀಗೆ ಬಡಾವಣೆಗಳು ಹೊಲಗಳ ಮೇಲೆ ಹಬ್ಬುತ್ತ ಬಂದುವು. ೨೦೦೭ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ ೧೧೦ ಹಳ್ಳಿಗಳೂ ಒಮ್ಮೆಗೇ ಮಹಾನಗರ ಪಾಲಿಕೆಯಲ್ಲಿ ಸೇರಿದುವು. ೨೦೨೫ರಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು. ಗೌಡ, ಶಾನುಭೋಗ, ತೋಟಿ, ನೀರುಗಂಟಿಗಳ ಗ್ರಾಮಾಡಳಿತ ಮುಗಿದುಹೋಯಿತು, ಮುಗಿಯಬೇಕಾದುದೇ ಸರಿ. ಆದರೆ ಆ ಹುದ್ದೆಗಳೊಡನೆ ಅವರು ಮಾಡುತ್ತಿದ್ದ ಕೆಲಸವೂ ಮುಗಿಯಿತೆಂದು ನಾವು ಭ್ರಮಿಸಿದೆವು.

ಈ ಭ್ರಮೆಯ ಫಲವನ್ನು ಈಚಿನ ಕೆಲವು ವರ್ಷಗಳು ನಮಗೆ ತೋರಿಸಿವೆ. ೨೦೧೯ರ ನವೆಂಬರ್ ೨೪ರಂದು, ಕೋಣನಕುಂಟೆಗೆ ಅಷ್ಟೇನೂ ದೂರವಲ್ಲದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮುಂಗಾರು ಕಳೆದು ಬಹಳ ದಿನಗಳಾಗಿದ್ದುವು; ಆಪತ್ತು ಆಕಾಶದಿಂದಲ್ಲ, ಏರಿಯಿಂದ ಬಂದಿತು. ೨೦೨೨ರ ಸೆಪ್ಟೆಂಬರ್ ೫ರ ಬೆಳಿಗ್ಗೆಗೆ ಮುಗಿದ ಒಂದು ದಿನದಲ್ಲಿ ನಗರದಲ್ಲಿ ೧೩೧.೬ ಮಿಲಿಮೀಟರು ಮಳೆ ಬಿದ್ದಿತು. ಅದೇ ಸಮಯಕ್ಕೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನು ಮೇಲೆತ್ತುವ ಯಂತ್ರಾಗಾರವೂ ಪ್ರವಾಹದಲ್ಲಿ ಮುಳುಗಿ, ಮೊಳಕಾಲಿನವರೆಗೆ ನೀರು ನಿಂತ ಮನೆಗಳಲ್ಲಿ ಕುಡಿಯುವ ನೀರಿಲ್ಲದಂತಾಯಿತು. ೨೦೨೪ರ ಬೇಸಗೆಯಲ್ಲಿ ಇದಕ್ಕೆ ತದ್ವಿರುದ್ಧ: ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ ಬತ್ತಿಹೋಗಿವೆಯೆಂದು ಸರ್ಕಾರವೇ ಹೇಳಿತು. ಏಪ್ರಿಲ್ ತಿಂಗಳಲ್ಲಿ ನಗರದಲ್ಲಿ ಮಳೆಯೇ ದಾಖಲಾಗಲಿಲ್ಲ. ಆ ತಿಂಗಳ ೨೮ರಂದು ಉಷ್ಣ ೩೮.೫ ಡಿಗ್ರಿಗೆ ಏರಿತು. ಅದಾಗಿ ಐದೇ ವಾರಗಳಿಗೆ, ಜೂನ್ ೨ರಂದು, ೧೧೧.೧ ಮಿಲಿಮೀಟರು ಮಳೆ ಸುರಿದು ಜೂನ್ ತಿಂಗಳ ಮಟ್ಟಿಗೆ ೧೮೯೧ರಿಂದ ನಿಂತಿದ್ದ ದಾಖಲೆಯನ್ನು ಮುರಿಯಿತು. ಅನಾವೃಷ್ಟಿ ಅತಿವೃಷ್ಟಿಗಳು ಒಂದೇ ಊರಿಗೆ ಒಂದೇ ಋತುವಿನಲ್ಲಿ ಬೆನ್ನುಬೆನ್ನಿಗೆ ಬಂದುವು. ೨೦೨೫ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಕಡೆ, ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನಿಂತ ಮಳೆನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ತು ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ತೀರಿಕೊಂಡರು. ನೀರಿಗೆ ಕೈಯಿಡುವ ಮುನ್ನ ವಿದ್ಯುತ್ತನ್ನು ನಿಲ್ಲಿಸಬೇಕೆಂಬ ಒಂದು ನಿಯಮ, ಅದನ್ನು ಹೇಳುವುದಕ್ಕೆ ಹೊಣೆಯಾದ ಒಬ್ಬ ಮನುಷ್ಯ: ಇವೆರಡೂ ಪ್ರತಿಯೊಂದು ಕಟ್ಟಡದಲ್ಲಿ ಇರಬೇಕಾದುವು.

ನಗರದಲ್ಲಿ ಇಂಥ ದಿನ ಎಲ್ಲರಿಗೂ ಒಂದೇ ಬಗೆಯಾಗಿ ಬರುವುದಿಲ್ಲ. ಮೂರನೆಯ ಅಂತಸ್ತಿನಲ್ಲಿರುವವರಿಗೆ ಅದು ಅನನುಕೂಲ. ರಾಜಕಾಲುವೆಯ ಅಂಚಿನಲ್ಲಿರುವವರಿಗೆ ಸರ್ವನಾಶ. ಕೋಣನಕುಂಟೆಯ ಸುತ್ತ ಎದ್ದಿರುವ ಮನೆಸಮುಚ್ಚಯಗಳನ್ನು ಕಟ್ಟುವುದಕ್ಕೆಂದು ಯಾದಗಿರಿ ರಾಯಚೂರುಗಳಿಂದಲೂ ಉತ್ತರದ ದೂರದ ಪ್ರಾಂತಗಳಿಂದಲೂ ಬಂದವರು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಬೇಸಗೆಯಲ್ಲಿ ಆ ತಗಡು ಕಾವಲಿಯಂತೆ ಕಾಯುತ್ತದೆ. ಮಳೆಯಲ್ಲಿ ಆ ತಗ್ಗು ಮೊದಲು ತುಂಬುತ್ತದೆ. ಕಾವಲುಗಾರನ ಸಂಸಾರ ವಾಹನ ನಿಲ್ಲಿಸುವ ನೆಲಮಾಳಿಗೆಯ ಮೂಲೆಯಲ್ಲಿರುತ್ತದೆ. ಇನ್ನು ಮೇಲಂತಸ್ತಿನಲ್ಲಿಯೂ, ಮಕ್ಕಳು ಹೊರದೇಶಗಳಲ್ಲಿದ್ದು ತಾವೊಬ್ಬರೇ ಇರುವ ವೃದ್ಧರಿದ್ದಾರೆ. ವಿದ್ಯುತ್ತು ಹೋಗಿ ಲಿಫ್ಟು ನಿಂತರೆ ಅವರೂ ದುರ್ಬಲರೇ. ಇವರಾರ ಹೆಸರೂ ಆ ಬೀದಿಯಲ್ಲಿ ಯಾರ ಬಳಿಯೂ ಬರೆದಿಲ್ಲ.

ಮುನ್ಸೂಚನೆ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ಅನಾವೃಷ್ಟಿಯನ್ನು ಗಮನಿಸುವುದಕ್ಕೆ ಕರ್ನಾಟಕದಲ್ಲಿ ೧೯೮೮ರಲ್ಲಿಯೇ ಒಂದು ಘಟಕ ಸ್ಥಾಪನೆಯಾಯಿತು. ಅದೇ ಮುಂದೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ನಗರದ ಬೇರೆ ಬೇರೆ ಭಾಗಗಳ ಮಳೆಯನ್ನು ಅಳೆದು ತಿಳಿಸುತ್ತಿದೆ. ೨೦೦೫ರ ವಿಪತ್ತು ನಿರ್ವಹಣೆಯ ಕಾನೂನಿನಂತೆ ಜಿಲ್ಲೆಗೊಂದು ಪ್ರಾಧಿಕಾರವಿದೆ; ೨೦೨೫ರ ತಿದ್ದುಪಡಿಯು ರಾಜಧಾನಿಗಳಿಗೂ ದೊಡ್ಡ ನಗರಗಳಿಗೂ ಪ್ರತ್ಯೇಕ ಪ್ರಾಧಿಕಾರವನ್ನು ಸೂಚಿಸಿದೆ. ಕೊರತೆಯಿರುವುದು ಕಟ್ಟಕಡೆಯ ನೂರು ಗಜಗಳಲ್ಲಿ. ಹಿಂದೆ ಡಂಗುರ ಸಾರುವವನು ಕೇರಿಕೇರಿಗೆ ಹೋಗಿ ತಮಟೆ ಬಾರಿಸುತ್ತಿದ್ದನು. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ ಮಾತು ಗಾಳಿಯಲ್ಲಿ ಹಾರಿ ದೂರ ಹೋಗುವಂತಾಯಿತು. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ದೂರವಾಣಿಯಿದೆ. ಆದರೆ ರಾತ್ರಿ ಎರಡು ಗಂಟೆಗೆ ನಿದ್ರಿಸುತ್ತಿರುವ, ಆ ಭಾಷೆಯನ್ನು ಓದಲಾರದ, ಎಬ್ಬಿಸಿದರೂ ಎಲ್ಲಿಗೆ ಹೋಗಬೇಕೆಂದು ತಿಳಿಯದ ಕೂಲಿಯವನಿಗೆ ಆ ಸುದ್ದಿ ಮುಟ್ಟಿತೆಂದು ಹೇಳಲಾಗದು. ಸುದ್ದಿ ಹೊರಟುದೇ ಬೇರೆ, ಸುದ್ದಿ ತಲಪಿದುದೇ ಬೇರೆ.

ಈ ಅಂತರವನ್ನು ತುಂಬಬಹುದೆಂಬುದಕ್ಕೆ ಒಡಿಶಾ ನಿದರ್ಶನ. ೧೯೯೯ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಮಡಿದರು. ೨೦೧೩ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಚಂಡಮಾರುತ ಬಂದಾಗ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದುದರಿಂದ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಈ ವ್ಯತ್ಯಾಸಕ್ಕೆ ಗಾಳಿಯ ರಭಸವೊಂದೇ ಕಾರಣವಲ್ಲ. ನಡುವಣ ಹದಿನಾಲ್ಕು ವರ್ಷಗಳಲ್ಲಿ ಆಶ್ರಯಮಂದಿರಗಳು ಎದ್ದಿದ್ದುವು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು ತರಬೇತಿ ಪಡೆದಿದ್ದರು, ಯಾರ ಬಾಗಿಲನ್ನು ಯಾರು ತಟ್ಟಬೇಕೆಂಬುದು ಗೊತ್ತಾಗಿತ್ತು.

ಹಾಗಾದರೆ ಕೋಣನಕುಂಟೆಯ ಇಂದಿನ ನೀರುಗಂಟಿ ಯಾರು? ನಾವು ಯೋಚಿಸಿದಷ್ಟೂ, ಆತನನ್ನು ಹೊಸದಾಗಿ ಹುಡುಕಬೇಕಾಗಿಲ್ಲವೆಂದೇ ತೋರುತ್ತದೆ. ಯಾವ ಮೋರಿಯ ಬಾಯಿ ಕಟ್ಟಿದೆಯೆಂಬುದನ್ನು ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕಳು ಬಲ್ಲಳು. ಯಾವ ಮನೆಯಲ್ಲಿ ಗರ್ಭಿಣಿಯಿದ್ದಾಳೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆಂಬುದನ್ನು ಆಶಾ ಕಾರ್ಯಕರ್ತೆ ಬಲ್ಲಳು. ಬೀದಿಬೀದಿಗೆ ಸರದಿಯಂತೆ ನೀರು ಬಿಡುವ ವಾಲ್ವ್‌ಮನ್ ಹೆಸರಿನಲ್ಲಲ್ಲದಿದ್ದರೂ ಕೆಲಸದಲ್ಲಿ ನೀರುಗಂಟಿಯೇ. ಇವರ ತಿಳಿವಳಿಕೆಯನ್ನು ಯಾರೂ ಕೇಳಿ ಬರೆದುಕೊಳ್ಳುವುದಿಲ್ಲವೆಂಬುದೇ ನಮ್ಮ ದೊಡ್ಡ ಲೋಪ. ಹಿಂದಿನವರು ಮಾಡಿದ ತಪ್ಪನ್ನು ನಾವೂ ಮಾಡಬಾರದು: ಹೊಣೆಯನ್ನು ಬಡವನಿಗೆ ಹೊರಿಸಿ ಗೌರವವನ್ನೂ ಸಂಬಳವನ್ನೂ ನಮ್ಮಲ್ಲಿಟ್ಟುಕೊಳ್ಳಬಾರದು. ಅವರು ತಿಳಿದುದನ್ನು ಹೇಳಲಿ, ಅದಕ್ಕೆ ತಕ್ಕ ಕೂಲಿ ಪಡೆಯಲಿ. ಓಡಾಡುವ ಶ್ರಮ ಬೀದಿಯ ವಿದ್ಯಾವಂತರದಾಗಲಿ.

ವಿದ್ಯಾವಂತರು ಒಟ್ಟುಗೂಡಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಜಯಪ್ರಕಾಶನಗರದ ಪುಟ್ಟೇನಹಳ್ಳಿಯ ಕೆರೆ ಹಾಳಾಗಿ ಬಿದ್ದಿದ್ದಾಗ ನೆರೆಯ ನಿವಾಸಿಗಳು ೨೦೧೦ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡು, ೨೦೧೧ರಲ್ಲಿ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಅದರ ಪಾಲನೆಯನ್ನು ಕೈಗೊಂಡರು. ಕೆರೆಯನ್ನು ಹೀಗೆ ಕಾಯಬಲ್ಲವರು ಕೆರೆಯ ಕೆಳಗಣ ಮನುಷ್ಯರನ್ನೂ ಕಾಯಬಲ್ಲರು. ಅದಕ್ಕೆ ಬೇಕಾದುದು ಹೆಚ್ಚೇನೂ ಅಲ್ಲ. ಮುಂಗಾರಿಗೆ ಮುಂಚೆ ಬೀದಿಗೊಂದು ಪಟ್ಟಿ. ತಗ್ಗಿನಲ್ಲಿ ಯಾರಿದ್ದಾರೆ, ನಡೆಯಲಾರದವರು ಯಾರು, ಒಬ್ಬರೇ ಇರುವವರು ಯಾರು. ಅವರಲ್ಲಿ ಒಬ್ಬೊಬ್ಬರಿಗೂ ಹೊಣೆಯಾದ ಒಂದು ನೆರೆಮನೆ. ರಾತ್ರಿಯಾದರೂ ಬೀಗ ತೆಗೆಯುವುದೆಂದು ಮೊದಲೇ ಗೊತ್ತಾದ ಒಂದು ಶಾಲೆಯೋ ಕಲ್ಯಾಣಮಂಟಪವೋ, ಅದರ ಬೀಗದ ಕೈ ಯಾರಲ್ಲಿದೆಯೆಂಬ ತಿಳಿವಳಿಕೆ. ಕೂಲಿಯವರ ಪಡಿತರ ಚೀಟಿಗೂ ಆಧಾರಕ್ಕೂ ಒಂದೊಂದು ಪ್ಲಾಸ್ಟಿಕ್ ಚೀಲ, ಏಕೆಂದರೆ ಅವು ನೆನೆದುಹೋದರೆ ಆಮೇಲಿನ ಪರಿಹಾರವೂ ನೆನೆದುಹೋದಂತೆ. ಬೇಸಗೆಯಲ್ಲಿ ಮಧ್ಯಾಹ್ನದ ಹೊತ್ತು ಕಟ್ಟಡದ ಕೆಲಸಕ್ಕೆ ಬಿಡುವು, ತಗಡಿನವರಿಗೆ ನೆರಳು, ಕುಡಿಯುವ ನೀರಿನ ಒಂದು ಅರವಟಿಗೆ. ಅರವಟಿಗೆಯಿಡುವುದು ಪುಣ್ಯವೆಂದು ನಂಬಿದ್ದ ನಾಡಿಗೆ ಇದನ್ನು ಹೊಸದಾಗಿ ಉಪದೇಶಿಸಬೇಕಾಗಿಲ್ಲ.

ದೊಡ್ಡ ಕಾಲುವೆಗಳನ್ನು ತೆರವು ಮಾಡುವುದು, ಏರಿಗಳನ್ನು ಭದ್ರಪಡಿಸುವುದು, ತಗ್ಗಿನಲ್ಲಿ ಮನೆ ಕಟ್ಟಲು ಅಪ್ಪಣೆ ಕೊಡದಿರುವುದು ಸರ್ಕಾರದ ಕೆಲಸ. ಬೀದಿಯ ಪಟ್ಟಿ ಅದಕ್ಕೆ ಬದಲಿಯಾಗಲಾರದು. ಆದರೆ ಆ ಕೆಲಸ ಮುಗಿಯುವ ವರೆಗೆ ಮಳೆ ಕಾಯುವುದಿಲ್ಲ. ನೀರುಗಂಟಿ ಏರಿಯನ್ನು ಕಟ್ಟಿದವನಲ್ಲ. ರಾಜರೂ ಗೌಡರೂ ಕಟ್ಟಿಸಿದ ಏರಿಯ ಮೇಲೆ ಮಳೆಯ ರಾತ್ರಿ ಎಚ್ಚರವಾಗಿದ್ದವನು. ಕೋಣನಕುಂಟೆಯಲ್ಲಿ ಈಗ ಅವನ ಹುದ್ದೆಯಿಲ್ಲ. ಅವನ ಕೆಲಸ ಮಾತ್ರ ಹಾಗೆಯೇ ಉಳಿದಿದೆ. ಈ ಭಾಷಣವನ್ನು ಕೇಳಿದವರು ನಾಳೆ ತಮ್ಮ ಬೀದಿಯ ಅತ್ಯಂತ ತಗ್ಗಿನ ಮನೆಯ ವರೆಗೆ ನಡೆದುಹೋಗಿ, ಅಲ್ಲಿರುವವರ ಹೆಸರನ್ನು ಕೇಳಿ ತಿಳಿದುಕೊಂಡರೆ, ಆ ಕೆಲಸವು ಅಷ್ಟರಮಟ್ಟಿಗೆ ಮತ್ತೆ ಆರಂಭವಾದಂತೆ.